ಕಮ್ಮಾರನಿಲ್ಲದ ಬೀಗ

ಬೀಗವಿರುವುದು ಕಳ್ಳನಿಗಾಗಿ. ಆದರೆ ಒಮ್ಮೊಮ್ಮೆ ಅದು ಮನೆಯೊಡೆಯನನ್ನೇ ಹೊರಗೆ ನಿಲ್ಲಿಸುವುದುಂಟು. ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಕಳೆದರೆ ಕಮ್ಮಾರನನ್ನು ಕರೆಸಬಹುದು. ಕಂಪ್ಯೂಟರಿನ ಬೀಗಕ್ಕೆ ಕಮ್ಮಾರನಿಲ್ಲ.

ಕೊಡಗಿನ ದಕ್ಷಿಣದ ಅಂಚಿನಲ್ಲಿ, ವಯನಾಡಿನ ಗಡಿಗೆ ತಾಗಿಕೊಂಡಿರುವ ಊರು ಕುಟ್ಟ. ಸುತ್ತಲೂ ಕಾಫಿಯ ತೋಟಗಳು, ಮರವನ್ನಪ್ಪಿದ ಕರಿಮೆಣಸಿನ ಬಳ್ಳಿಗಳು. ಆಚೆಗೆ ನಾಗರಹೊಳೆಯ ಕಾಡು. ಇಂಥ ಕಡೆಯಲ್ಲಿಯೂ ತೋಟದ ಲೆಕ್ಕ ಈಗ ಪುಸ್ತಕವನ್ನು ಬಿಟ್ಟು ಲ್ಯಾಪ್‌ಟಾಪನ್ನು ಸೇರುತ್ತಿದೆ. ಕೆಲಸಗಾರರ ಕೂಲಿ, ಮೆಣಸು ಮಾರಿದ ಹಣ, ಬ್ಯಾಂಕಿನ ಸಾಲ, ಮಕ್ಕಳ ಮದುವೆಯ ಚಿತ್ರಗಳು, ಎಲ್ಲವೂ ಅದರಲ್ಲಿಯೇ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು ಸಿಡಿಲುಗಳೊಡನೆ ಹೂಮಳೆ ಬಂದಿತು. ಸಿಡಿಲಿನ ಹೊಡೆತಕ್ಕೆ ಲ್ಯಾಪ್‌ಟಾಪ್ ಸತ್ತಿತು. ಗೋಣಿಕೊಪ್ಪಲಿಗೆ ಕೊಂಡೊಯ್ದು ಮದರ್‌ಬೋರ್ಡ್ ಬದಲಾಯಿಸಿದ್ದಾಯಿತು. ಯಂತ್ರಕ್ಕೇನೋ ಜೀವ ಬಂದಿತು. ಆದರೆ ತೆರೆಯ ಮೇಲೆ ಮೂಡಿದ್ದು 48 ಅಂಕಿಗಳ ಕೀಲಿಯನ್ನು ಕೇಳುವ ನೀಲಿ ಪುಟ! ನಿತ್ಯದ ಪಾಸ್‌ವರ್ಡನ್ನು ಅದು ಒಪ್ಪಲೊಲ್ಲದು.

ಇದೇಕೆ ಹೀಗೆ? ಈಚಿನ ಅನೇಕ ವಿಂಡೋಸ್ ಕಂಪ್ಯೂಟರುಗಳು ತಮ್ಮಲ್ಲಿರುವ ಬರಹವನ್ನೆಲ್ಲ ಗೂಢಲಿಪಿಯಾಗಿ ಮಾರ್ಪಡಿಸಿ ಇಟ್ಟುಕೊಳ್ಳುತ್ತವೆ. ಅದನ್ನು ಬಿಡಿಸುವ ಕೀಲಿಯನ್ನು ಮದರ್‌ಬೋರ್ಡಿನ ಮೇಲಿರುವ ಒಂದು ಚಿಪ್ಪು ಕಾಯುತ್ತದೆ. ಬೋರ್ಡು ಬದಲಾದರೆ ಕಾವಲುಗಾರನೂ ಬದಲಾದಂತೆಯೇ. ಹೊಸ ಕಾವಲುಗಾರನಿಗೆ ಯಜಮಾನನ ಗುರುತೆಲ್ಲಿಯದು? ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೂ ಫಲವಿಲ್ಲ.

ಹಾಗೆಂದು ಎದೆಗುಂದಬೇಕಾಗಿಲ್ಲ. ಬಹಳ ಸಲ ಆ ಕೀಲಿ, ಕಂಪ್ಯೂಟರನ್ನು ಮೊದಲು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ತಾನಾಗಿಯೇ ದಾಖಲಾಗಿರುತ್ತದೆ. ಬೆಂಗಳೂರಿನಲ್ಲಿರುವ ಮಗ ಅದನ್ನು ಸಜ್ಜುಗೊಳಿಸಿದ್ದರೆ, ತಂದೆಯ ಲೆಕ್ಕದ ಕೀಲಿ ಮಗನ ಖಾತೆಯಲ್ಲಿರಬಹುದು. ನೀಲಿ ಪುಟದಲ್ಲಿ ಕಾಣುವ ಗುರುತಿನ ಮೊದಲ 8 ಅಕ್ಷರಗಳನ್ನು ಖಾತೆಯಲ್ಲಿರುವ ಗುರುತಿನೊಡನೆ ತಾಳೆ ನೋಡಿ, ಅದರ ಮುಂದಿನ 48 ಅಂಕಿಗಳನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಎಲ್ಲಿಯೂ ಸಿಗದಿದ್ದರೆ ಕಂಪನಿಯನ್ನು ಬೇಡಿಯೂ ಪ್ರಯೋಜನವಿಲ್ಲ. ಎಲ್ಲವನ್ನೂ ಅಳಿಸಿ ಯಂತ್ರವನ್ನು ಹೊಸದಾಗಿ ಹೂಡುವುದೊಂದೇ ಉಳಿದ ದಾರಿ. ಆದುದರಿಂದ ಅಂಗಡಿಯವರು 'ಅಳಿಸಿಬಿಡಲೇ?' ಎಂದು ಕೇಳಿದರೆ, ಮನೆಮಂದಿಯ ಖಾತೆಗಳನ್ನೆಲ್ಲ ಹುಡುಕುವವರೆಗೆ ಹೂಂಗುಟ್ಟಬಾರದು.

ದೊಡ್ಡ ದೊಡ್ಡ ಸಂಸ್ಥೆಗಳಿಗೂ ಈ ಪೇಚು ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಯುಕ್ತ ತಂತ್ರಾಂಶದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಅದರ ಬಿಸಿ ತಟ್ಟಿತು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಿಂದಲೇ ಬರೆದುಕೊಟ್ಟರು. ಯಂತ್ರಗಳನ್ನು ಸರಿಪಡಿಸಲು ಹೊರಟಾಗ ಅನೇಕ ಕಡೆ ಎದುರಾದದ್ದು ಇದೇ 48 ಅಂಕಿಗಳ ಬೀಗ. ಕೀಲಿಗಳ ಪಟ್ಟಿಯನ್ನಿಟ್ಟಿದ್ದ ಯಂತ್ರವೇ ನಿಂತುಹೋಗಿದ್ದ ಸಂಸ್ಥೆಗಳೂ ಇದ್ದವು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗಿತ್ತು ಅವರ ಪಾಡು.

ಇನ್ನೊಂದು ಸಂಕಟ ಇದಕ್ಕಿಂತ ಕಠಿಣ. ಗುಟ್ಟನ್ನೆಲ್ಲ ತಾವೊಬ್ಬರೇ ಬಲ್ಲ ಯಜಮಾನರು ಹಠಾತ್ತಾಗಿ ತೀರಿಕೊಂಡರೆ ಮನೆಯವರ ಗತಿಯೇನು? ಖಾತೆಯನ್ನು ತೆರೆಯಹೋದರೆ ಅವರ ಮೊಬೈಲಿಗೆ ಓಟಿಪಿ ಬರುತ್ತದೆ. ಆ ನಂಬರನ್ನು ಆಗಲೇ ರದ್ದುಪಡಿಸಿದ್ದರೆ ಆ ದಾರಿಯೂ ಮುಚ್ಚಿತು. ಯಾರಿಗೆ ಎಷ್ಟು ಕೂಲಿ ಸಲ್ಲಬೇಕು, ಯಾವ ವ್ಯಾಪಾರಿಯಿಂದ ಎಷ್ಟು ಹಣ ಬರಬೇಕು ಎಂಬುದನ್ನು ಅರಿಯದೆ, ದುಃಖದ ನಡುವೆಯೇ ಕುಟುಂಬ ಕೈಚೆಲ್ಲಿ ಕೂರಬೇಕಾಗುತ್ತದೆ. ಈ ಪರದಾಟದಲ್ಲಿ ಅಂತರ್ಜಾಲದಲ್ಲಿ ಸಿಕ್ಕ ಯಾವುದೋ 'ಸಹಾಯವಾಣಿ'ಗೆ ಓಟಿಪಿ ಹೇಳಿ ಹಣ ಕಳೆದುಕೊಳ್ಳುವ ಭಯವೂ ಉಂಟು.

ಇದಕ್ಕೆ ಮದ್ದು ಬಲು ಅಗ್ಗದ್ದು: ಒಂದು ಹಾಳೆ ಕಾಗದ. ಯಂತ್ರ ಆರೋಗ್ಯವಾಗಿರುವಾಗಲೇ ಆ 48 ಅಂಕಿಗಳನ್ನು ಹುಡುಕಿ ಬರೆದಿಡಬೇಕು. ಮೊಬೈಲ್ ಕೈಕೊಟ್ಟಾಗ ಬಳಸಲೆಂದು ಗೂಗಲ್ ಖಾತೆಯವರು ಕೊಡುವ 10 ಸಂಕೇತಗಳನ್ನೂ ಅದರೊಡನೆ ಸೇರಿಸಬಹುದು. ಲೆಕ್ಕದ ಒಂದು ಪ್ರತಿ ಬೇರೊಂದು ಡಿಸ್ಕಿನಲ್ಲಿಯೂ ಇರಲಿ. ಆ ಕಾಗದವನ್ನು ಲ್ಯಾಪ್‌ಟಾಪಿನ ಚೀಲದಲ್ಲಿಡದೆ ಜಮೀನಿನ ಪತ್ರಗಳ ಜೊತೆಗಿಟ್ಟು, ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೆ ತಿಳಿಸಬೇಕು.

ಮುಂಗಾರಿಗೆ ಮೊದಲು ಸೌದೆಯನ್ನು ಒಳಗೆ ಪೇರಿಸುವ ವಿವೇಕ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಆ ಹಾಳೆಯೂ ಅದೇ ಸಿದ್ಧತೆಯ ಒಂದು ಅಂಗವಾಗಲಿ.