ತೊಟ್ಟಿಯ ಅಂಜೂರ, ತೆಂಗಿನ ನಾರಿನ ಪುಡಿ: ಚೇಳೂರು ಸೀಮೆಯ ಉದ್ದಿಮೆಗೊಂದು ಅವಕಾಶ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು. ಇಲ್ಲಿನ ರೈತರೊಬ್ಬರ ತೋಟದಲ್ಲಿದ್ದ ತಾಮ್ರಗೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಗುರುತಿಸಿ, ‘ಸಿದ್ದು’ ಎಂಬ ಹೆಸರಿನ ಕಸಿ ಸಸಿಗಳನ್ನು ಬೆಳೆಸಿ ಮಾರಲು 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡಿತು. ಹಣ್ಣಿಗಷ್ಟೇ ಅಲ್ಲ, ನಂಬಿಕೆಗೆ ಅರ್ಹವಾದ ಸಸಿಗೂ ದೊಡ್ಡ ಮಾರುಕಟ್ಟೆಯಿದೆ ಎಂಬುದನ್ನು ಈ ಸೀಮೆ ಆಗಲೇ ಕಂಡುಕೊಂಡಿತು. ಅದೇ ದಾರಿಯ ಮುಂದಿನ ಹೆಜ್ಜೆಯೆಂದರೆ ಸಸಿ, ತೊಟ್ಟಿ, ಬೇರು ಬಿಡುವ ಮಿಶ್ರಣ ಮತ್ತು ಸಾವಯವ ಗೊಬ್ಬರ ಇವಿಷ್ಟನ್ನೂ ಒಟ್ಟಾಗಿ ಒದಗಿಸುವುದು.

ತೊಟ್ಟಿಗೆ ಒಗ್ಗುವ ಹಣ್ಣು

ಹಲಸಿನಂತಹ ಹೆಮ್ಮರಕ್ಕೆ ತಾರಸಿಯ ತೊಟ್ಟಿ ಸಾಲದು. ಅಂಜೂರಕ್ಕೆ ಸಾಕು. ಬೇರು ಹರಡಲು ಸ್ಥಳ ಕಡಿಮೆಯಾದರೆ ಅಂಜೂರದ ಗಿಡ ಎಲೆ ಹಬ್ಬಿಸುವುದನ್ನು ಬಿಟ್ಟು ಕಾಯಿ ಕಟ್ಟುತ್ತದೆ. ನಮ್ಮಲ್ಲಿ ಬೆಳೆಯುವ ಪೂನಾ ಅಂಜೂರಕ್ಕೆ ಪರಾಗಸ್ಪರ್ಶದ ಅಗತ್ಯವಿಲ್ಲವಾದ್ದರಿಂದ ಒಂದೇ ಗಿಡವಿದ್ದರೂ ಫಲ ಬರುತ್ತದೆ. ಕಡ್ಡಿ ನೆಟ್ಟು ಸಸಿ ಮಾಡಬಹುದು. ಕಳಿತ ಹಣ್ಣು ಬಹಳ ಮೃದು. ಸಾಮಾನ್ಯ ಉಷ್ಣತೆಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲದು. ಆದ್ದರಿಂದ ಅಂಗಡಿಗೆ ಬರುವ ಹಣ್ಣನ್ನು ಪೂರ್ಣ ಕಳಿಯುವ ಮುನ್ನವೇ ಕೀಳಬೇಕಾಗುತ್ತದೆ. ಗಿಡದಲ್ಲೇ ಕಳಿತ ಹಣ್ಣಿನ ಸವಿ ಬೇಕೆನ್ನುವ ಪಟ್ಟಣಿಗರಿಗೆ ಮನೆಯ ತೊಟ್ಟಿಯೇ ದಾರಿ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ತಾರಸಿ ತೋಟಗಳೇ ಈ ಸರಕಿನ ಗಿರಾಕಿಗಳು. ಸ್ಟ್ರಾಬೆರಿಯನ್ನೂ ತೊಟ್ಟಿಯಲ್ಲಿ ಬೆಳೆಯಬಹುದಾದರೂ ನಮ್ಮ ಬಯಲುಸೀಮೆಯಲ್ಲಿ ಅದು ಚಳಿಗಾಲದ ಬೆಳೆ ಮಾತ್ರ. ಏಪ್ರಿಲ್ ಬಿಸಿಲನ್ನು ತಾಳದು.

ಪುಡಿಯ ಗುಣ, ಪುಡಿಯ ದೋಷ

ತುಮಕೂರು ರಾಜ್ಯದ ಪ್ರಮುಖ ತೆಂಗು ಬೆಳೆಯುವ ಜಿಲ್ಲೆ. ಕಾಯಿ ಮಟ್ಟೆಯಿಂದ 1 ಕಿಲೋ ನಾರು ತೆಗೆದರೆ ಸುಮಾರು 2 ಕಿಲೋ ಪುಡಿ ಉಳಿಯುತ್ತದೆ. ವ್ಯಾಪಾರದಲ್ಲಿ ಕೋಕೋಪೀಟ್ ಎನಿಸಿಕೊಳ್ಳುವ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಮಣ್ಣಿಗಿಂತ ಬಹಳ ಹಗುರವಾದ್ದರಿಂದ ತಾರಸಿಯ ಮೇಲೆ ಭಾರ ಕಡಿಮೆ. ಯುರೋಪಿನ ಸ್ಟ್ರಾಬೆರಿ, ರಾಸ್‌ಬೆರಿ ಬೆಳೆಗಾರರು ಭಾರತ ಮತ್ತು ಶ್ರೀಲಂಕಾದಿಂದ ಇದನ್ನು ತರಿಸಿಕೊಳ್ಳುವುದು ಈ ಗುಣಗಳಿಗಾಗಿಯೇ.

ಆದರೆ ಯಂತ್ರದಿಂದ ಬಿದ್ದ ಹಸಿ ಪುಡಿ ಗಿಡಕ್ಕೆ ಸಿದ್ಧ ಆಹಾರವಲ್ಲ. ಅದರಲ್ಲಿ ಎರಡು ದೋಷಗಳಿವೆ. ಮೊದಲನೆಯದು ಉಪ್ಪು. ಉಪ್ಪು ಹಿನ್ನೀರಿನಲ್ಲಿ ನೆನೆಹಾಕಿದ ಕರಾವಳಿಯ ಮಟ್ಟೆಗಿಂತ ನಮ್ಮ ಒಳನಾಡಿನ ಮಟ್ಟೆ ಮೇಲಾದರೂ, ಮಟ್ಟೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳಿರುತ್ತವೆ. ಪುಡಿಯನ್ನು ಎರಡು ಮೂರು ಬಾರಿ ಸಿಹಿನೀರಿನಲ್ಲಿ ತೊಳೆಯಬೇಕು. ಕೊಳವೆಬಾವಿಯ ನೀರೇ ಉಪ್ಪಾಗಿದ್ದರೆ ತೊಳೆದೂ ಫಲವಿಲ್ಲ. ಸಂಗ್ರಹಿಸಿದ ಮಳೆನೀರು ಉತ್ತಮ. ಅಂಟಿಕೊಂಡ ಸೋಡಿಯಂ ಬಿಡಿಸಲು ರಫ್ತುದಾರರು ಕ್ಯಾಲ್ಸಿಯಂ ನೈಟ್ರೇಟ್ ಬಳಸುತ್ತಾರೆ. ಅದು ರಾಸಾಯನಿಕ ಗೊಬ್ಬರವಾದ್ದರಿಂದ ಚೀಲದ ಮೇಲೆ ಸಾವಯವ ಎಂದು ಬರೆಯಬಯಸುವವರು ಗಣಿಯ ಜಿಪ್ಸಂ ಬಳಸಿ ಮತ್ತೊಮ್ಮೆ ತೊಳೆಯುವುದು ಸರಿ. ತೊಳೆದ ಕಂದು ನೀರನ್ನು ಕೆರೆಗಾಗಲಿ ಬಾವಿಯ ಬದಿಗಾಗಲಿ ಬಿಡಬಾರದು.

ಎರಡನೆಯದು ಸಾರಜನಕದ ಕೊರತೆ. ಹಸಿ ಪುಡಿಯಲ್ಲಿ 1 ಪಾಲು ಸಾರಜನಕಕ್ಕೆ 100 ಪಾಲಿಗೂ ಹೆಚ್ಚು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ಎಲೆ ಹಳದಿಯಾಗುತ್ತದೆ. ಅಲೆಪ್ಪಿ ಬಳಿಯ ಕಲವೂರಿನ ಕೇಂದ್ರೀಯ ತೆಂಗಿನ ನಾರು ಸಂಶೋಧನಾ ಸಂಸ್ಥೆಯು ಅಣಬೆ ಜಾತಿಯ ಶಿಲೀಂಧ್ರದಿಂದ ಈ ಪುಡಿಯನ್ನು ಸುಮಾರು 30 ದಿನಗಳಲ್ಲಿ ಗೊಬ್ಬರವಾಗಿಸುವ ‘ಪಿತ್‌ಪ್ಲಸ್’ ವಿಧಾನವನ್ನು ರೂಪಿಸಿದೆ. ಅದರಲ್ಲಿ ಯೂರಿಯಾ ಬಳಕೆಯುಂಟು. ಸಾವಯವ ಮಿಶ್ರಣಕ್ಕೆ ಯೂರಿಯಾದ ಬದಲು ಹೊಂಗೆ ಹಿಂಡಿ ಅಥವಾ ಸಗಣಿ ಬಗ್ಗಡ ಸೇರಿಸಿ, ಹೆಚ್ಚು ಕಾಲ ಕೊಳೆಯಲು ಬಿಡಬೇಕು.

ಮಿಶ್ರಣ ಮತ್ತು ಪೋಷಣೆ

ಅಂಜೂರಕ್ಕೆ 60ರಿಂದ 100 ಲೀಟರ್ ಹಿಡಿಯುವ ತೊಟ್ಟಿ ಬೇಕು. ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್‌ಗಳು ಸರ್ವಥಾ ಕೂಡದು. ಆಹಾರ ಪದಾರ್ಥ ತುಂಬಿದ್ದವು ಮಾತ್ರ ಯೋಗ್ಯ. ತಳದಲ್ಲಿ ನಾಲ್ಕೈದು ತೂತು ಕೊರೆದು, ತೊಟ್ಟಿಯನ್ನು ಇಟ್ಟಿಗೆಗಳ ಮೇಲಿಟ್ಟರೆ ನೀರು ನಿಲ್ಲದು. ಕೊಳೆತ ನಾರಿನ ಪುಡಿ 2 ಪಾಲು, ಕೆಂಪು ಮಣ್ಣು 1 ಪಾಲು, ಎರೆಹುಳು ಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ 1 ಪಾಲು ಬೆರೆಸಬಹುದು. ನೀರು ಹಾಕಿದಂತೆಲ್ಲ ಸತ್ವ ತಳದಿಂದ ಹರಿದುಹೋಗುವ ಕಾರಣ ಮೂರು ತಿಂಗಳಿಗೊಮ್ಮೆ 2 ಕಿಲೋ ಎರೆಹುಳು ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ಕೊಡಬೇಕು. ಎಲೆಯ ತುದಿ ಸುಟ್ಟಂತಾದರೆ ಉಪ್ಪನ್ನೂ, ಕೆಳಗಿನ ಎಲೆ ಹಳದಿಯಾದರೆ ಸಾರಜನಕದ ಕೊರತೆಯನ್ನೂ ಶಂಕಿಸಬೇಕು. ಮಳೆಗಾಲದಲ್ಲಿ ತುಕ್ಕುರೋಗ ತಗುಲಿದ ಎಲೆಗಳನ್ನು ಕಿತ್ತು ದೂರ ಹಾಕುವುದು ಅವಶ್ಯ.

ಪರೀಕ್ಷೆಯೂ ಕಾನೂನೂ

1 ಅಳತೆ ಪುಡಿಗೆ ಒಂದೂವರೆ ಅಳತೆ ಶುದ್ಧ ನೀರು ಬೆರೆಸಿ ಸೋಸಿದ ತಿಳಿಯಲ್ಲಿ ವಿದ್ಯುತ್ ವಾಹಕತೆ 0.5 ಮಿಲಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ತೊಳೆತ ಸಾಕಾಗಿದೆಯೆಂದು ತಿಳಿಯಬಹುದು. ಅಳೆಯುವ ಸಣ್ಣ ಉಪಕರಣ ದುಬಾರಿಯಲ್ಲ. ಜೊತೆಗೆ ಪ್ರತಿ ರಾಶಿಯ ಒಂದು ಹಿಡಿಯಲ್ಲಿ ರಾಗಿ ಬಿತ್ತಿ, ಒಳ್ಳೆಯ ಮಣ್ಣಿನಲ್ಲಿ ಬಿತ್ತಿದ ರಾಗಿಯೊಡನೆ ಒಂದು ವಾರ ಹೋಲಿಸಿ ನೋಡಬೇಕು. ಬೆಂಗಳೂರಿನ ಪೀಣ್ಯದಲ್ಲಿ ತೆಂಗಿನ ನಾರು ಮಂಡಳಿಯ ತಾಂತ್ರಿಕ ಸಂಸ್ಥೆಯಿದೆ. ಸಲಹೆಗೆ ಅಲ್ಲಿ ವಿಚಾರಿಸಬಹುದು.

1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಎರೆಹುಳು ಗೊಬ್ಬರ ಮುಂತಾದ ಸಾವಯವ ಗೊಬ್ಬರಗಳೂ ಸೇರಿವೆ. ಆ ಹೆಸರಿನಲ್ಲಿ ಚೀಲ ಮಾರುವವರು ನಿಗದಿತ ಗುಣಮಟ್ಟಕ್ಕೆ ಬದ್ಧರು. ವಿದೇಶೀ ಗಿರಾಕಿಗಳಿಗೆ ಭರವಸೆ ಕೊಡುವಾಗಲೂ ಎಚ್ಚರ ಬೇಕು. 2022ರಿಂದ ಜಾರಿಯಲ್ಲಿರುವ ಯುರೋಪ್ ಒಕ್ಕೂಟದ ನಿಯಮದಂತೆ ನೆಲದ ಮಣ್ಣಿನ ಸಂಪರ್ಕವಿಲ್ಲದೆ ತೊಟ್ಟಿಯಲ್ಲಿ ಬೆಳೆದ ಹಣ್ಣನ್ನು, ಗೊಬ್ಬರ ಎಷ್ಟೇ ಸಾವಯವವಾಗಿದ್ದರೂ, ಅಲ್ಲಿ ಸಾವಯವ ಎಂದು ಮಾರುವಂತಿಲ್ಲ.

ತೊಳೆಯದ ಪುಡಿ ಅಗ್ಗವಾಗಿ ದೊರೆಯುವುದರಿಂದ ಅದನ್ನೇ ಚೀಲಕ್ಕೆ ತುಂಬುವ ಆಸೆ ಸಹಜ. ಆದರೆ ಮೊದಲ ಬೇಸಿಗೆಯಲ್ಲೇ ಗಿಡ ಒಣಗಿಸಿಕೊಂಡ ಗಿರಾಕಿ ಎರಡನೆಯ ಚೀಲ ಕೊಳ್ಳಲಾರ. ನೆರೆಯವರೂ ಕೊಳ್ಳದಂತೆ ಮಾಡುತ್ತಾನೆ. ತೊಳೆತ, ಕೊಳೆತ ಮತ್ತು ಪರೀಕ್ಷೆಯ ವೆಚ್ಚವನ್ನು ನಷ್ಟವೆಂದು ಬಗೆಯದೆ ಸರಕಿನ ಅಸಲಿಗೇ ಸೇರಿಸಿ ಬೆಲೆ ಕಟ್ಟುವ ಉದ್ದಿಮೆದಾರನಿಗೆ ಮಾತ್ರ ಈ ವ್ಯಾಪಾರ ಕೈಹಿಡಿದೀತು.