ಮಿಲಿಟರಿ ಲಾರಿಯೂ ಮಲೆನಾಡಿನ ಮೇಸ್ತ್ರಿಯೂ

ಸೇನೆ ಕೈಬಿಟ್ಟ ವಾಹನಕ್ಕೆ ನಮ್ಮ ಹಳ್ಳಿಗಳಲ್ಲಿ ಎರಡನೆಯ ಜನ್ಮವೊಂದಿದೆ. ಎರಡನೆಯ ಮಹಾಯುದ್ಧ ಮುಗಿದಾಗ ವಿಲೇವಾರಿಯಾದ ಜೀಪುಗಳು ತೋಟ, ಎಸ್ಟೇಟುಗಳ ದಾರಿ ಹಿಡಿದವು. ಆಮೇಲೆ ನಮ್ಮದೇ ಸೇನೆಯ ವಾಹನಗಳ ಸರದಿ ಬಂತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು ಶಕ್ತಿಮಾನ್ ಲಾರಿಯ ತಯಾರಿಕೆ ಜಬಲ್ಪುರದಲ್ಲಿ ಆರಂಭವಾದದ್ದು 1959ರಲ್ಲಿ. ಜಪಾನಿನ ನಿಸಾನ್ ಪರವಾನಗಿಯಲ್ಲಿ ಒಂದು ಟನ್ನಿನ ಲಾರಿಯೂ ಜೊಂಗಾ ಎಂಬ ದೊಡ್ಡ ಜೀಪೂ ಅದೇ ಊರಿನಿಂದ ಹೊರಬಂದವು. ಶಕ್ತಿಮಾನ್ 1996ರಲ್ಲಿ, ಜೊಂಗಾ 1999ರಲ್ಲಿ ತಯಾರಿಕೆಯಿಂದ ಮರೆಯಾದವು. ಉಳಿದಿರುವುದು ಸೇನೆಯ ಹರಾಜಿನಲ್ಲಿ ಬಿಕರಿಯಾಗಿ ಕೈಯಿಂದ ಕೈಗೆ ದಾಟಿ ಬಂದವು ಮಾತ್ರ.

ಅಂಥದೊಂದು ನಿಸಾನ್ ಒಂದು ಟನ್ ಲಾರಿ ಶಿಕಾರಿಪುರ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಯ ಪಕ್ಕದಲ್ಲಿದೆ. ಆರು ಸಿಲಿಂಡರಿನ, 3,956 ಸಿಸಿ ಪೆಟ್ರೋಲ್ ಎಂಜಿನ್. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವ್ಯವಸ್ಥೆ. ಅದು ಕುಡಿಯುವ ಪೆಟ್ರೋಲನ್ನು ನೋಡಿದರೆ ಇದನ್ನು ದುಡಿಮೆಯ ವಾಹನ ಎನ್ನಲಾಗದು. ಹಾಗಾಗಿ ಹವ್ಯಾಸ ಎಂದು ಒಪ್ಪಿಕೊಳ್ಳುವುದೇ ಸರಿ. ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳಲ್ಲದೆ ಬೇರಾವುದಕ್ಕೂ ಸೇನೆಯ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ನಮ್ಮ ಲಾರಿಗೂ ಬೇರೆ ಬಣ್ಣವಿದೆ. ಬೇಲಿಯ ಮುಳ್ಳು ತರಚಿದಲ್ಲಿ ಮಾತ್ರ ಹಳೆಯ ಹಸಿರು ಇಣುಕುತ್ತದೆ.

ಇಂಥ ವಾಹನ ಇಟ್ಟುಕೊಂಡವನಿಗೆ ಮಳೆಗಾಲವೇ ನಿಜವಾದ ಪರೀಕ್ಷೆ. ಶಿಕಾರಿಪುರದ ಕಡೆ ಒಂದಿಷ್ಟು ಬಯಲುಸೀಮೆಯ ಗಾಳಿಯಿದೆ. ಶಿರಾಳಕೊಪ್ಪ ದಾಟಿ ಸೊರಬ, ಚಂದ್ರಗುತ್ತಿಯತ್ತ ಹೋದಂತೆ ತೇವ ಹೆಚ್ಚುತ್ತದೆ. ಹದಿನೈದು ದಿನ ನಿಂತ ಎಂಜಿನ್ ಒಂದು ಬೆಳಗ್ಗೆ ಮಾತೇ ಆಡುವುದಿಲ್ಲ. ಆಗ ಹೆಚ್ಚಿನವರು ಮಾಡುವ ಕೆಲಸ ಹೊಸ ಬ್ಯಾಟರಿ ತರುವುದು. ಆದರೆ ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥಿಂಗ್ ತಂತಿಯ ಬುಡದಲ್ಲಿ ಗದ್ದೆಯ ಕೆಸರೂ ತುಕ್ಕೂ ಸೇರಿ ವಿದ್ಯುತ್ತಿನ ದಾರಿಗೆ ಅಡ್ಡ ಕೂತಿರುತ್ತವೆ. ವೋಲ್ಟ್ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದು ಸ್ಟಾರ್ಟರ್ ತಿರುಗಿಸಿದರೆ ಮುಳ್ಳು ಅರ್ಧ ವೋಲ್ಟಿಗಿಂತ ಮೇಲೆ ಹೋಗಬಾರದು. ಹೋದರೆ ದೋಷ ತಂತಿಯಲ್ಲಿದೆ, ಬ್ಯಾಟರಿಯಲ್ಲಲ್ಲ. ಒಂದು ತುಂಡು ಉಜ್ಜುಕಾಗದದಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ತೆರುವವರಿದ್ದಾರೆ.

ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ನೋಡಬೇಕಾದವು ಎರಡು: ಕಿಡಿ ಮತ್ತು ಪೆಟ್ರೋಲ್. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಕೂತ ತೇವ ಕಿಡಿಯನ್ನು ಅಡ್ಡದಾರಿಗೆ ಎಳೆಯುತ್ತದೆ. ಒಣ ಬಟ್ಟೆಯೇ ಅದಕ್ಕೆ ಔಷಧ. ಪಾಯಿಂಟುಗಳು ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಅವನ್ನೇ ಬದಲಿಸುತ್ತಾ ಕೂರದೆ ಕಂಡೆನ್ಸರನ್ನು ಸಂಶಯಿಸಬೇಕು.

ಶಿರಾಳಕೊಪ್ಪದ ಹಿರಿಯ ಮೇಸ್ತ್ರಿಯೊಬ್ಬರು ನನಗೆ ಕಲಿಸಿದ್ದು ಈ ಕ್ರಮವನ್ನು. 'ಗೌಡ್ರೇ, ಮೊದಲು ಕಾರಣ ಹುಡುಕೋಣ, ಸ್ಪಾನರ್ ಆಮೇಲೆ ಹಿಡಿಯೋಣ' ಎನ್ನುವುದು ಅವರ ಪಾಠ. ಈ ಲಾರಿಯ ಹಿಂದಿನ ಆಕ್ಸಲಿನಲ್ಲಿ ಆಯಿಲ್ ಸೋರುತ್ತಿತ್ತು. ಮೊದಲಿನ ಮಾಲೀಕರು ಮೂರು ಬಾರಿ ಸೀಲ್ ಬದಲಿಸಿದ್ದರಂತೆ. ಮೇಸ್ತ್ರಿ ಸೀಲನ್ನು ಮುಟ್ಟಲೇ ಇಲ್ಲ. ಆಕ್ಸಲಿನ ಮೇಲಿರುವ, ಒಳಗಿನ ಬಿಸಿಗಾಳಿ ಹೊರಹೋಗುವ ಸಣ್ಣ ಬ್ರೀದರನ್ನು ಬಿಚ್ಚಿ ತೋರಿಸಿದರು. ಅದರ ಬಾಯಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಗಾಳಿಗೆ ದಾರಿಯಿಲ್ಲದೆ ಒತ್ತಡ ಹೆಚ್ಚಿ ಆಯಿಲನ್ನು ಸೀಲಿನಿಂದ ಹೊರದಬ್ಬುತ್ತಿತ್ತು. ಹಳ್ಳ ದಾಟಿದ ಮೇಲೆ ಗೇರ್ ಆಯಿಲನ್ನು ಬೆರಳಿಗೆ ಹಚ್ಚಿ ನೋಡುವುದನ್ನೂ ಅವರೇ ರೂಢಿಸಿದರು. ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಆ ಆಯಿಲನ್ನು ತಡಮಾಡದೆ ಚೆಲ್ಲಬೇಕು.

ಈಚಿನ ವರ್ಷಗಳಲ್ಲಿ ಹೊಸ ಸವಾಲೊಂದು ಸೇರಿಕೊಂಡಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶವ್ಯಾಪಿಯಾಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇದರಿಂದ ಮಾರುಕಟ್ಟೆ ವಿಸ್ತರಿಸುವುದು ಸಂತೋಷವೇ. ಆದರೆ ಅರ್ಧ ಶತಮಾನದ ಹಿಂದಿನ ಎಂಜಿನ್ನಿನ ರಬ್ಬರು ಇದಕ್ಕೆ ಹುಟ್ಟಿದ್ದಲ್ಲ. ಪೆಟ್ರೋಲ್ ಪಂಪಿನ ಪೊರೆ, ಕೊಳವೆಗಳು ಊದಿಕೊಳ್ಳುತ್ತವೆ, ಬಿರಿಯುತ್ತವೆ. ಟ್ಯಾಂಕಿನಲ್ಲಿ ದಶಕಗಳಿಂದ ಅಂಟಿದ್ದ ಕಿಟ್ಟ ಸಡಿಲಗೊಂಡು ಫಿಲ್ಟರಿಗೆ ಬಂದು ಕೂರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಮಲೆನಾಡಿನ ತೇವದಲ್ಲಿ ತಿಂಗಳುಗಟ್ಟಲೆ ನಿಲ್ಲುವ ವಾಹನಕ್ಕೆ ಇದು ಸಣ್ಣ ವಿಷಯವಲ್ಲ. ಎಥನಾಲ್ ತಾಳುವ ಕೊಳವೆಗಳನ್ನು ಹಾಕಿಸುವುದು, ಮಳೆಗಾಲಕ್ಕೆ ಮುನ್ನ ಟ್ಯಾಂಕನ್ನು ಬರಿದು ಮಾಡುವುದು ಈಗ ನಿತ್ಯವಿಧಿಯಾಗಿದೆ.

ಹವ್ಯಾಸದ ಹೆಸರಿನಲ್ಲಿ ರಾಜಿಯಾಗಬಾರದ ಒಂದು ಅಂಶವೆಂದರೆ ಬ್ರೇಕು. ಈ ಲಾರಿಯ ನಾಲ್ಕೂ ಚಕ್ರಗಳಿಗೆ ಬ್ರೇಕ್ ಆಯಿಲ್ ಹರಿಯುವುದು ಒಂದೇ ಜಾಲದಲ್ಲಿ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ. ಬ್ರೇಕ್ ಆಯಿಲೂ ತೇವ ಹೀರಿ ವೀಲ್ ಸಿಲಿಂಡರುಗಳನ್ನು ಒಳಗಿನಿಂದ ತಿನ್ನುತ್ತದೆ. ರಸ್ತೆಯಲ್ಲಿ ಶಾಲೆಯ ಮಕ್ಕಳೂ ದನಕರುಗಳೂ ಇರುತ್ತವೆ ಎಂಬ ಅರಿವಿಲ್ಲದವನು ಹಳೆಯ ವಾಹನ ಇಟ್ಟುಕೊಳ್ಳದಿರುವುದೇ ಲೇಸು.

ಬಿಡಿಭಾಗಗಳನ್ನು ಹೇಗೋ ಹೊಂದಿಸಬಹುದು; ಗುಜರಿಯಲ್ಲಿ ಸಿಗುತ್ತವೆ, ಲೇತಿನಲ್ಲಿ ಕಡೆಸಬಹುದು. ಆದರೆ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೇಸ್ತ್ರಿಗಳು ವಯಸ್ಸಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ಹೊಸ ವಾಹನಗಳ ದೋಷವನ್ನು ಕಂಪ್ಯೂಟರು ಹೇಳುತ್ತದೆ, ಕೆಟ್ಟ ಭಾಗವನ್ನು ಇಡಿಯಾಗಿ ಬದಲಿಸಲಾಗುತ್ತದೆ. ಕಾರಣದಿಂದ ಕಾರಣಕ್ಕೆ ಹೆಜ್ಜೆಯಿಟ್ಟು ದೋಷದ ಮೂಲ ಮುಟ್ಟುವ ವಿದ್ಯೆ ಹೀಗೆ ಸದ್ದಿಲ್ಲದೆ ಅಳಿಯುತ್ತಿದೆ.

ಕಾನೂನಿನ ದೃಷ್ಟಿಯೂ ಅಷ್ಟು ಉದಾರವಾಗಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಸ್ವಾಗತಾರ್ಹವಾದರೂ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರು ವರ್ಗದ ನಾಲ್ಕು ಚಕ್ರದ ವಾಹನಗಳಿಗೆ ಅದು ಸೀಮಿತ. ಎಂಜಿನ್, ಚಾಸಿಗಳು ಮೂಲರೂಪದಲ್ಲೇ ಇರಬೇಕೆಂಬ ಷರತ್ತೂ ಇದೆ. ಅರಮನೆಯ ಕಾರಿಗೆ ಈ ಅಳತೆ ಒಪ್ಪುತ್ತದೆ. ಅಡಕೆ, ಗೊಬ್ಬರ ಹೊತ್ತು ದುಡಿದ, ಪೆಟ್ರೋಲಿನ ಖರ್ಚು ತಾಳಲಾರದೆ ಮಾಲೀಕ ಡೀಸೆಲ್ ಎಂಜಿನ್ ಕೂರಿಸಿದ ಲಾರಿಗೆ ಅಲ್ಲಿ ಜಾಗವಿಲ್ಲ. ದುಡಿದ ವಾಹನದ ಇತಿಹಾಸವೂ ಇತಿಹಾಸವೇ ಅಲ್ಲವೇ?

ಸರಕು ವಾಹನಗಳನ್ನೂ ಈ ವ್ಯಾಪ್ತಿಗೆ ತಂದು, ಬ್ರೇಕು, ಹೊಗೆಗಳ ಕಟ್ಟುನಿಟ್ಟಿನ ತಪಾಸಣೆಗೆ ಒಳಪಡಿಸಿ ಉಳಿಸಿಕೊಳ್ಳಲು ಅವಕಾಶ ನೀಡಬೇಕು. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಪಡೆಯುವ ಮಕ್ಕಳು ವಾರಕ್ಕೊಮ್ಮೆಯಾದರೂ ಇಂಥ ಮೇಸ್ತ್ರಿಗಳ ಬಳಿ ಕೂತು ಕಲಿಯುವಂತಾಗಬೇಕು. ಅವರಿಗೆ ಗೌರವಧನ ಕೊಡುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನಲ್ಲ. ಹಳೆಯ ಲಾರಿಯನ್ನು ಗುಜರಿಗೆ ಹಾಕಿದರೆ ಕಬ್ಬಿಣದ ಬೆಲೆಯಾದರೂ ಕೈಗೆ ಬರುತ್ತದೆ. ಅದನ್ನು ಓಡಿಸಬಲ್ಲ ತಿಳಿವಳಿಕೆ ಕಳೆದುಹೋದರೆ ಅದೂ ಇಲ್ಲ.