ಹೂವಿಲ್ಲದ ಮರವೆಂಬ ಅಪವಾದ

ಅತ್ತಿಯ ಮರ ಹೂ ಬಿಟ್ಟುದನ್ನು ಯಾರೂ ಕಂಡಿಲ್ಲವಾದುದರಿಂದ ಅದನ್ನು ಹಾವಸೆ, ಜರೀಗಿಡಗಳ ಜೊತೆಗೆ ಪುಷ್ಪರಹಿತ ವರ್ಗದಲ್ಲೇಕೆ ಸೇರಿಸಬಾರದೆಂದು ವಾಚಕರೊಬ್ಬರು ಪ್ರಶ್ನಿಸಿದ್ದಾರೆ. ನಗುವವರು ತುಸು ತಾಳಬೇಕು. ಚರಕಸಂಹಿತೆಯು ಸಸ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ, ಹೂವಿಲ್ಲದೆ ಫಲ ಕೊಡುವ ಮರಗಳನ್ನು ವನಸ್ಪತಿಗಳೆಂದು ಬೇರೆಯಾಗಿಯೇ ಎಣಿಸಿತು. ಸ್ವೀಡನ್ನಿನ ಮಹಾವಿದ್ವಾಂಸ ಲಿನೇಯಸನೂ 1735ರ ತನ್ನ ಪಟ್ಟಿಯಲ್ಲಿ ಅತ್ತಿಯ ಕುಲವನ್ನು ಜರೀಗಿಡ, ಪಾಚಿಗಳಿರುವ ಕಟ್ಟಕಡೆಯ ವರ್ಗಕ್ಕೆ ತಳ್ಳಿ, 1753ರ ಗ್ರಂಥದಲ್ಲಿ ಅಲ್ಲಿಂದ ಹೊರತಂದನು.

ಸಸ್ಯಗಳ ಪ್ರಧಾನ ವಿಭಾಗಗಳನ್ನು ಶಾಲೆಯ ಪುಸ್ತಕಗಳೇ ಹೇಳುತ್ತವೆ: ನೀರು ಸಾಗಿಸುವ ನಾಳಗಳಿಲ್ಲದ ಹಾವಸೆ, ನಾಳಗಳಿದ್ದೂ ಬೀಜವಿಲ್ಲದೆ ಎಲೆಯ ಬೆನ್ನಿನ ಕಂದು ಧೂಳಿನಿಂದ ವಂಶ ಬೆಳೆಸುವ ಜರೀಗಿಡ, ಲಾಲ್‌ಬಾಗಿನ ಅರಾಕೇರಿಯದಂತೆ ಬೀಜವನ್ನು ಹಣ್ಣಿನೊಳಗೆ ಮುಚ್ಚಿಡದ ನಗ್ನಬೀಜಿಗಳು, ಕೊನೆಗೆ ಹೂ ಬಿಡುವ ಆವೃತಬೀಜಿಗಳು. ಅತ್ತಿಯನ್ನು ಎಲ್ಲಿರಿಸಬೇಕೆಂಬುದನ್ನು ತೀರ್ಮಾನಿಸಲು ಒಂದು ಎಳೆಯ ಕಾಯಿ ಸಾಕು.

ಆ ಕಾಯನ್ನು ಉದ್ದಕ್ಕೆ ಸೀಳಿ, ಒಸರುವ ಹಾಲನ್ನು ಒರೆಸಿ, ಭೂತಗನ್ನಡಿಯನ್ನು ಹಿಡಿದರೆ, ಒಳಗೋಡೆಯ ತುಂಬ ಒತ್ತೊತ್ತಾಗಿ ನಿಂತ ನೂರಾರು ಕಿರುಹೂಗಳು ಕಾಣುತ್ತವೆ. ನಾವು ಹಣ್ಣೆನ್ನುವುದು ಒಳಮುಖವಾಗಿ ಮಡಿಸಿಕೊಂಡ ಹೂಗೊಂಚಲು. ನಿಜವಾದ ಹಣ್ಣುಗಳು ನಾವು ಬೀಜವೆಂದು ಅಗಿಯುವ ಕಾಳುಗಳೇ. ಒಳಗೆ ಹೋಗಲಿರುವ ದಾರಿ ತುದಿಯ ಸಣ್ಣ ಕಣ್ಣೊಂದೇ, ಅದೂ ಬಿಗಿಯಾದ ಪೊರೆಗಳಿಂದ ಮುಚ್ಚಿದುದು. ಎಳ್ಳಿಗಿಂತ ಚಿಕ್ಕದಾದ ಹೆಣ್ಣು ಕಣಜವೊಂದು, ರೆಕ್ಕೆಗಳು ಹರಿದುಹೋದರೂ ಲೆಕ್ಕಿಸದೆ ಅದರಲ್ಲಿ ನುಸುಳಿ, ಹುಟ್ಟಿದ ಕಾಯಿಯಿಂದ ಹೊತ್ತು ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವದರಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ಮನೆಯಾದರೆ, ಬೀಳದುದು ಬೀಜವಾಗುತ್ತದೆ. ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಗೋಡೆ ಕೊರೆದು, ಅವುಗಳಿಗೆ ಬಾಗಿಲು ತೆರೆದುಕೊಟ್ಟು ಮುಗಿಯುತ್ತವೆ. ಹಣ್ಣು ಒಡೆದಾಗ ಹುಳು ಕಂಡು ಮೂಗು ಮುರಿಯುವವರು, ಆ ಹುಳುವಿನ ಕುಲವೇ ಇಲ್ಲದಿದ್ದರೆ ಮರಕ್ಕೆ ಬೀಜವೇ ಕಟ್ಟದೆಂಬುದನ್ನು ತಿಳಿಯಬೇಕು.

ಇಷ್ಟಿದ್ದೂ, ಅತ್ತಿಯ ಹೂ ನಟ್ಟಿರುಳಿನಲ್ಲಿ ಅರಳುವುದೆಂದೂ ಕಂಡವನಿಗೆ ರಾಜಯೋಗವೆಂದೂ ನಂಬಿಸುವವರು ಇನ್ನೂ ಇದ್ದಾರೆ. ಹಾಗಾದರೆ ಸೀಳಿದ ಕಾಯಿಯಲ್ಲಿ ಹಾಡಹಗಲೇ ಹೂ ಕಂಡ ಸಸ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಸಿಂಹಾಸನವೇರಬೇಕಾಗಿತ್ತು! ಪ್ರಶ್ನಿಸಿದ ಮಹನೀಯರು ಅತ್ತಿಯನ್ನು ಹೂ ಬಿಡುವ ಆವೃತಬೀಜಿಗಳಲ್ಲಿ, ಅವುಗಳೊಳಗೂ ದ್ವಿದಳದವುಗಳಲ್ಲಿ, ಹಲಸು ಮತ್ತು ಹಿಪ್ಪುನೇರಳೆಗಳ ಕುಟುಂಬದಲ್ಲಿಯೇ ಬರೆದುಕೊಳ್ಳಬೇಕು.